ಫಿಟ್ಸ್ ಇರುವ ನಾಯಿಗೆ ಮನೆ ಹುಡುಕುವವರಿಗೆ

ಈ ಸಲವೂ ಅದೇ ಪತ್ರಗಳು. ಲಸಿಕೆ, ಜಂತುಹುಳದ ಔಷಧಿ, ಮರಿಯಾಗದ ಆಪರೇಷನ್ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅಷ್ಟೂ ಮುಗಿದಿರಬೇಕು.

ಪ್ರಶ್ನೆ: ರಸ್ತೆಯಲ್ಲಿ ಸಿಕ್ಕ ನಾಟಿ ನಾಯಿ, ಮೂರು ವರ್ಷ. ಫಿಟ್ಸ್ ಇದೆ, ದಿನಕ್ಕೆ ಎರಡು ಸಲ ಗಾರ್ಡಿನಾಲ್ ಮಾತ್ರೆ ಕೊಡುತ್ತೇವೆ. ಹಾಸಿಗೆ ಹಿಡಿದಿರುವ ಮಾವನವರನ್ನು ಮನೆಗೆ ಕರೆತರಬೇಕಾಗಿದೆ, ಇನ್ನು ನಾಯಿ ನೋಡಿಕೊಳ್ಳಲು ಆಗುವುದಿಲ್ಲ. ಫಿಟ್ಸ್ ಅಂದ ತಕ್ಷಣ ಜನ ಫೋನ್ ಇಟ್ಟುಬಿಡುತ್ತಾರೆ. ನಾಯಿ ಹೊಂದಿಕೊಂಡ ಮೇಲೆ ಹೇಳಿದರೆ ಆಗಲ್ವಾ? (ವಿಜಯನಗರ)

ಆಗಲ್ಲ. ಈ ಮಾತ್ರೆ 12 ಗಂಟೆಗೊಮ್ಮೆ ಹೋಗಲೇಬೇಕು. ದಿಢೀರ್ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೊಂದು ಬಂದು ಪ್ರಾಣವೇ ಹೋಗಬಹುದು. ವಿಷಯ ಮುಚ್ಚಿಟ್ಟು, 'ಏನೋ ಟಾನಿಕ್ ಮಾತ್ರೆ' ಅಂತ ಕೊಟ್ಟು ಕಳಿಸಿದವರನ್ನು ನೋಡಿದ್ದೇನೆ. ಟಾನಿಕ್ ಅಲ್ವಾ, ಸ್ಟ್ರಿಪ್ ಖಾಲಿಯಾದ ಮೇಲೆ ಯಾರು ತರುತ್ತಾರೆ? ಫೋನ್ ಇಟ್ಟವರು ಇಟ್ಟಿದ್ದೇ ಒಳ್ಳೆಯದಾಯಿತು.

ಫೋಟೋ ಹಾಕುವಾಗಲೇ ಮೊದಲ ಸಾಲಿನಲ್ಲಿ ಫಿಟ್ಸ್ ಅಂತ ಬರೆಯಿರಿ. ಆಸಕ್ತಿ ತೋರಿಸಿದವರಿಗೆ ಫಿಟ್ಸ್ ಬಂದಾಗಿನ ವಿಡಿಯೋ ತೋರಿಸಿ, ಎದ್ದ ಮೇಲಿನ ಭಾಗವೂ ಇರಲಿ. ಫಿಟ್ಸ್ ಸಾಮಾನ್ಯವಾಗಿ ಒಂದೆರಡು ನಿಮಿಷ. ಆಮೇಲೆ ನಾಯಿ ತೂರಾಡುತ್ತದೆ, ಸ್ವಲ್ಪ ಹೊತ್ತು ಮನೆಯವರ ಗುರುತೂ ಸಿಗದಿರಬಹುದು. ಇದನ್ನು ಕಣ್ಣಾರೆ ನೋಡಿಯೂ 'ನಾವು ಸಾಕ್ತೀವಿ' ಅನ್ನುವವರ ಜೊತೆ ಮಾತು ಮುಂದುವರಿಸಿ.

ಅವರಿಗೆ ನನ್ನ ಮೊದಲ ಪ್ರಶ್ನೆ: ಬೆಳಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಮನೆಯಲ್ಲಿ ಯಾರಿರುತ್ತಾರೆ? ಇಬ್ಬರೂ ಏಳಕ್ಕೆ ಕ್ಯಾಬ್ ಹತ್ತಿ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಹತ್ತಕ್ಕೆ ಬರುವವರಾದರೆ, ಎಷ್ಟೇ ಪ್ರೀತಿ ಇದ್ದರೂ ಬೇಡ. ರಿಟೈರ್ ಆದ ಹಿರಿಯರಿರುವ ಗ್ರೌಂಡ್ ಫ್ಲೋರ್ ಮನೆ ಸಿಕ್ಕರೆ ಬಿಡಬೇಡಿ.

ಮಾತ್ರೆಯನ್ನು ನಿಮ್ಮ ಎದುರಲ್ಲೇ ಅವರ ಕೈಯಿಂದ ಕೊಡಿಸಿ. ಇಡ್ಲಿ ತುಂಡಿನೊಳಗೆ ಇಟ್ಟರೆ ಇಡ್ಲಿ ನುಂಗಿ, ಮಾತ್ರೆಯನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಸೋಫಾ ಹಿಂದೆ ಉಗುಳುವ ಜಾಣರಿದ್ದಾರೆ. ಈ ಮಾತ್ರೆಯಿಂದ ಹಸಿವು, ಬಾಯಾರಿಕೆ, ಮೂತ್ರ ಮೂರೂ ಜಾಸ್ತಿಯಾಗುತ್ತವೆ ಅಂತಲೂ ಹೇಳಿ. ಇಲ್ಲದಿದ್ದರೆ 'ಪಾಪ, ಹಸಿವು' ಅಂತ ಅನ್ನ ಹಾಕಿ ಹಾಕಿ ಡ್ರಮ್ ಮಾಡಿಬಿಡುತ್ತಾರೆ. 6 ತಿಂಗಳಿಗೊಮ್ಮೆ ಲಿವರ್ ಟೆಸ್ಟ್, ರಕ್ತದಲ್ಲಿ ಔಷಧಿ ಎಷ್ಟಿದೆ ಅನ್ನುವ ಟೆಸ್ಟ್ ಆಗಬೇಕು. ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ಈ ಮಾತ್ರೆ ಕೊಡುವ ಹಾಗಿಲ್ಲ, ಸಣ್ಣ ಅಂಗಡಿಯಲ್ಲಿ ಸ್ಟಾಕೂ ಇರದಿರಬಹುದು. ಹಾಗಾಗಿ ಒಂದು ತಿಂಗಳ ಮಾತ್ರೆ, ಡಾಕ್ಟರ ಚೀಟಿ, ಫಿಟ್ಸ್ ಬಂದ ದಿನಕ್ಕೆ ಗುರುತು ಹಾಕಿದ ಕ್ಯಾಲೆಂಡರ್ ಎಲ್ಲವೂ ನಾಯಿಯ ಜೊತೆ ಹೋಗಲಿ. ಹೊಂದದಿದ್ದರೆ ನಿಮಗೇ ವಾಪಸ್ ಅಂತ ಬರೆಸಿಕೊಳ್ಳಿ. ನಿಮಗೆ ಕೈಲಾದರೆ ಔಷಧಿ ಖರ್ಚು ನೀವೇ ಹೊತ್ತುಕೊಳ್ಳಿ, ಒಪ್ಪುವವರು ಬೇಗ ಸಿಗುತ್ತಾರೆ.

'ದೇವನಹಳ್ಳಿ ಕಡೆ ಸ್ನೇಹಿತರ ತೋಟ ಇದೆ, ಅಲ್ಲಿ ಆರಾಮಾಗಿರುತ್ತೆ' ಅನ್ನುವವರ ಮಾತು ಮಾತ್ರ ಕೇಳಲೇಬೇಡಿ. ತೋಟದಲ್ಲಿ ಕೃಷಿ ಹೊಂಡ ಇರುತ್ತದೆ. ಅದರ ಅಂಚಿನಲ್ಲಿ ನಿಂತಾಗ ಫಿಟ್ಸ್ ಬಂದರೆ, ಪ್ಲಾಸ್ಟಿಕ್ ಹಾಸಿದ ಗೋಡೆ ಹತ್ತಿ ಬರಲು ಗಟ್ಟಿಮುಟ್ಟಾದ ನಾಯಿಗೇ ಆಗುವುದಿಲ್ಲ.

ಪ್ರಶ್ನೆ: ಫಿಟ್ಸ್ ಬಂದಾಗ ಕಬ್ಬಿಣದ ಕೀ ಹಿಡಿಸಬಹುದಾ? (ಯಲಹಂಕ)

ಫಿಟ್ಸ್ ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ, ಕೀಗೆ ಸುಮ್ನೆ ಹೆಸರು. ಬಾಯಿಗೆ ಕೈ, ಚಮಚ ಏನೂ ಹಾಕಬೇಡಿ. 5 ನಿಮಿಷ ದಾಟಿದರೆ, ಅಥವಾ ಒಂದೇ ದಿನ ಎರಡನೇ ಸಲ ಬಂದರೆ ಆಸ್ಪತ್ರೆಗೆ ಓಡಿ.

ಪ್ರಶ್ನೆ: 48 ದಿನದ ನಾಟಿ ಪುಡಿ ತಿನ್ನಿಸಿದರೆ ಮಾತ್ರೆ ಬಿಡಿಸಬಹುದಂತೆ? (ಜೆ.ಪಿ. ನಗರ)

ಮಾರುವವರಿಗೆ ಕಾಸು, ನಾಯಿಗೆ ಐಸಿಯು.

ಪ್ರಶ್ನೆ: ಹೆಣ್ಣು ನಾಯಿ. ಒಂದು ಸಲ ಮರಿ ಹಾಕಿಸಿದರೆ ಫಿಟ್ಸ್ ವಾಸಿಯಾಗುತ್ತಾ? (ಕೆಂಗೇರಿ)

ಇಲ್ಲ. ಬೆದೆಗೆ ಬಂದಾಗ ಫಿಟ್ಸ್ ಹೆಚ್ಚಾಗುವುದುಂಟು, ಮರಿಗಳಿಗೂ ಬರಬಹುದು. ಮೊದಲು ಆಪರೇಷನ್ ಮಾಡಿಸಿ.

ಪ್ರಶ್ನೆ: ಮನೆ ಸಿಗದಿದ್ದರೆ ತಂದ ಬೀದಿಯಲ್ಲೇ ಬಿಡಬಹುದಾ? (ಹೆಸರು, ಊರು ಬರೆದಿಲ್ಲ)

ಬರೆಯದಿದ್ದುದೇ ವಾಸಿ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಯಲ್ಲಿ ನರಳುವ ಹಾಗೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮನೆ ಸಿಗುವ ತನಕ ನಿಮ್ಮಲ್ಲೇ ಇರಲಿ. ರಾತ್ರಿ ಎಂಟರ ಮಾತ್ರೆ ತಪ್ಪಿಸಬೇಡಿ.