ಆರ್‌ಎಕ್ಸ್ 100 ಬ್ಲಾಕಿಗೆ ಪೌಡರ್ ಕೋಟಿಂಗ್ ಮಾಡಿಸಿದರೆ ಎಂಜಿನ್ ಸೀಜ್ ಆಗುತ್ತಾ?

ಪ್ರಶ್ನೆ: ಸರ್, ನಮ್ಮದು ಶಿಡ್ಲಘಟ್ಟ. ಅಪ್ಪನ ಕಾಲದ ಯಮಹಾ ಆರ್‌ಎಕ್ಸ್ 100 ಗಾಡಿಯನ್ನು ಪೂರ್ತಿ ಬಿಚ್ಚಿ ರೆಡಿ ಮಾಡಿಸುತ್ತಿದ್ದೇನೆ. ಚಾಸಿಸ್ಸಿಗೆ ಪೌಡರ್ ಕೋಟಿಂಗ್ ಆಯಿತು. ಬ್ಲಾಕಿಗೂ (ಪಿಸ್ಟನ್ ಓಡಾಡುವ ಸಿಲಿಂಡರ್) ಅದರ ಮೇಲಿನ ಹೆಡ್ಡಿಗೂ ಕಪ್ಪು ಪೌಡರ್ ಹೊಡೆಸೋಣ ಅಂದರೆ ಮೆಕ್ಯಾನಿಕ್ ಬೇಡವೇ ಬೇಡ ಅನ್ನುತ್ತಾರೆ. ಎಂಜಿನ್ ತಣಿಸುವ ಫಿನ್ಸಿಗೆ (ಹೊರಮೈಯ ತೆಳು ರೆಕ್ಕೆಗಳಿಗೆ) ಸ್ವೆಟರ್ ತೊಡಿಸಿದ ಹಾಗಂತೆ, ನಂದಿಬೆಟ್ಟ ಹತ್ತುವಷ್ಟರಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದಂತೆ. ಕೋಟಿಂಗ್ ಅಂಗಡಿಯವರು ಮಾತ್ರ ಕಪ್ಪು ಬಣ್ಣ ಬಿಸಿಯನ್ನು ಎಳೆದು ಹೊರಗೆ ಹಾಕುತ್ತದೆ, ಒಳ್ಳೆಯದೇ ಅನ್ನುತ್ತಾರೆ. ಬ್ಲಾಕಿಗೆ ಹಿಂದೆ ಒಮ್ಮೆ ಸ್ಲೀವ್ (ಒಳಗೆ ಒತ್ತಿ ಕೂರಿಸುವ ಬೀಡು ಕಬ್ಬಿಣದ ಕೊಳವೆ) ಹಾಕಿಸಿದೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಬ್ಲಾಕಿಗೆ ಪೌಡರ್ ಬೇಡ. ಆದರೆ ಮೆಕ್ಯಾನಿಕ್ ಹೇಳಿದ ಕಾರಣಕ್ಕಲ್ಲ. ಪ್ರಶ್ನೆಯ ಕೊನೆಯಲ್ಲಿ ಸ್ಲೀವ್ ವಿಷಯ ಬರೆದಿದ್ದೀರಲ್ಲ, ಮುಖ್ಯವಾಗಿ ಅದಕ್ಕೆ.

ಮೊದಲು ಸ್ವೆಟರ್ ಮಾತು. ಪೌಡರ್ ಅಂದರೆ ಪುಡಿಯಾಗಿ ಹೊಡೆದು ಓವನ್ನಿನಲ್ಲಿ ಬೇಯಿಸುವ ಪ್ಲಾಸ್ಟಿಕ್ಕೇ. ಶಾಖ ಹರಿಸುವುದರಲ್ಲಿ ಅದು ಅಲ್ಯೂಮಿನಿಯಂ ಎರಕಕ್ಕಿಂತ ಸುಮಾರು 500 ಪಟ್ಟು ಹಿಂದೆ. ಹೀಗೆ ಕೇಳಿದರೆ ಹೆದರಿಕೆಯಾಗುವುದು ಸಹಜ. ಆದರೆ ಪದರದ ದಪ್ಪ ಎಷ್ಟು? ಸರಿಯಾಗಿ ಹೊಡೆದರೆ 60ರಿಂದ 80 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲೂ ಇಲ್ಲ. ಇನ್ನೊಂದು ವಿಷಯ: ಏರ್‌ಕೂಲ್ಡ್ ಎಂಜಿನ್ನಿನಲ್ಲಿ ಶಾಖಕ್ಕೆ ನಿಜವಾದ ಅಡ್ಡಿ ಇರುವುದು ಲೋಹದಲ್ಲೂ ಅಲ್ಲ, ಬಣ್ಣದಲ್ಲೂ ಅಲ್ಲ. ಫಿನ್ಸಿನ ಮೈಗೆ ಅಂಟಿಕೊಂಡಂತೆ ನಿಲ್ಲುವ ಗಾಳಿಯ ತೆಳು ಪದರದಲ್ಲಿ. ಕೋಲಾರದ ಟೊಮೆಟೊ ಮಂಡಿಯಲ್ಲಿ ಸೀಸನ್ನಿನಲ್ಲಿ ಲಾರಿಗಳೆಲ್ಲ ಗೇಟಿನ ಹತ್ತಿರ ಸಾಲುಗಟ್ಟಿ ನಿಂತಿರುತ್ತವೆ. ಆಗ ಒಳಗೆ ಒಂದು ಸಣ್ಣ ಹಂಪ್ ಇದ್ದರೆಷ್ಟು, ಇಲ್ಲದಿದ್ದರೆಷ್ಟು? ಲೆಕ್ಕ ಹಾಕಿದರೆ, ಓಡುವ ಗಾಡಿಯಲ್ಲಿ ಶಾಖಕ್ಕೆ ಇರುವ ಒಟ್ಟು ಅಡ್ಡಿಯಲ್ಲಿ ಪೌಡರ್ ಪದರದ ಪಾಲು 100ಕ್ಕೆ ಸುಮಾರು 2. ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ತಿರುವುಗಳಲ್ಲಿ ಕಾರುಗಳ ಹಿಂದೆ ಮೊದಲನೇ ಗೇರಿನಲ್ಲಿ ತೆವಳುವಾಗ ಗಾಳಿಯೇ ಸಾಲುವುದಿಲ್ಲ. ಆಗ ಗೇಟು ಇನ್ನೂ ಕಿರಿದು, ಹಂಪಿನ ಪಾಲು ಇನ್ನೂ ಕಡಿಮೆ.

ಅಂಗಡಿಯವರ ಮಾತೂ ಅರ್ಧ ನಿಜ. ಹೊಳೆಯುವ ಬರಿ ಅಲ್ಯೂಮಿನಿಯಂ ಶಾಖವನ್ನು ಕಿರಣವಾಗಿ ಹೊರಚೆಲ್ಲುವುದು ತೀರಾ ಕಡಿಮೆ, ಬಣ್ಣ ಬಿದ್ದ ಮೈ ಅದಕ್ಕಿಂತ ಎಷ್ಟೋ ಹೆಚ್ಚು ಚೆಲ್ಲುತ್ತದೆ. ಆದರೆ ಅದು ಕಪ್ಪಿನ ಮಹಿಮೆಯಲ್ಲ. ಎಂಜಿನ್ ಬಿಸಿಯ ಮಟ್ಟದಲ್ಲಿ ಬಿಳಿ ಬಣ್ಣವೂ ಹೆಚ್ಚುಕಡಿಮೆ ಅಷ್ಟೇ ಚೆಲ್ಲುತ್ತದೆ. ಜೊತೆಗೆ ಫಿನ್ಸುಗಳು ಎದುರುಬದುರಾಗಿ ನಿಂತಿರುವುದರಿಂದ ಒಂದು ಚೆಲ್ಲಿದ್ದನ್ನು ಪಕ್ಕದ್ದು ಹೀರುತ್ತದೆ. ಲಾಭ ಸಿಗುವುದು ಹೊರ ಅಂಚಿನಲ್ಲಿ ಮಾತ್ರ.

ಹಾಗಾದರೆ ಪೌಡರ್ ಹಾಕಿಸಿದ ಗಾಡಿಗಳು ಸೀಜ್ ಆಗಿದ್ದು ಸುಳ್ಳೇ? ಅಲ್ಲ, ಆಗಿವೆ. ಆದರೆ ಅಂಥ ಎಂಜಿನ್ ಬಿಚ್ಚಿದಾಗ ಬ್ಲಾಕಿನ ಕೆಳಗಿನ ಗ್ಯಾಸ್ಕೆಟ್ (ಸಂದಿ ಮುಚ್ಚುವ ತೆಳು ಹಾಳೆ) ಕೂರುವ ಮುಖವನ್ನು ಬೆರಳಿನಿಂದ ಸವರಿ ನೋಡಿ. ಅಂಚಿನಲ್ಲಿ ಪೌಡರಿನ ಸಣ್ಣ ದಿಣ್ಣೆ ಸಿಗುತ್ತದೆ. ಪೌಡರ್ ಬೀಳಬಾರದ ಜಾಗ ಮುಚ್ಚುವ ಮಾಸ್ಕಿಂಗ್ ಟೇಪ್ ಸರಿಯಾಗಿ ಹಾಕಿರುವುದಿಲ್ಲ. ನಿಮ್ಮ ಗಾಡಿಯಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮಿಶ್ರಣ ಮೊದಲು ಬ್ಲಾಕಿನ ಕೆಳಗಿನ ಕ್ರ್ಯಾಂಕ್ ಕೇಸಿಗೇ ಬರುವುದು. ಅಲ್ಲಿ ಗ್ಯಾಸ್ಕೆಟ್ ಕೂರದೆ ಗಾಳಿ ಎಳೆದುಕೊಂಡರೆ ಪೆಟ್ರೋಲ್ ಸಾಲದಾಗುತ್ತದೆ, ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಹೆಡ್ ನಟ್ಟಿನ ವಾಷರ್ ಕೆಳಗೆ ಪೌಡರ್ ಉಳಿದರೂ ಅಪಾಯವೇ. ಬಿಸಿಗೆ ಅದು ಮೆತ್ತಗಾಗಿ ಕುಸಿಯುತ್ತದೆ, ಬಿಗಿ ಸಡಿಲವಾಗುತ್ತದೆ. ಫಿನ್ಸ್ ತಣಿಯದೇ ಹೀಗಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ.

ಇನ್ನು ಬ್ಲಾಸ್ಟಿಂಗ್, ಅಂದರೆ ಕೋಟಿಂಗಿಗೆ ಮೊದಲು ಸಣ್ಣ ಕಣಗಳನ್ನು ರಭಸದಿಂದ ಹೊಡೆದು ಲೋಹದ ಮೈ ಶುಚಿ ಮಾಡುವುದು. ಕೆಲವು ವರ್ಷಗಳ ಹಿಂದೆ ಒಂದು ಬ್ಲಾಕನ್ನು ಗ್ಲಾಸ್ ಬೀಡ್ ಹೊಡೆಸಿ ತಂದು, ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಹೊಡೆದು, ಇನ್ನೇನು ಕೂರಿಸಬೇಕು ಅನ್ನುವಾಗ ಮನಸ್ಸು ಒಪ್ಪದೆ ನ್ಯೂಸ್‌ಪೇಪರ್ ಮೇಲೆ ಬೋರಲು ಹಾಕಿ ಮರದ ಸುತ್ತಿಗೆಯಿಂದ ತಟ್ಟಿದೆ. ಪೋರ್ಟಿನ (ಮಿಶ್ರಣ, ಹೊಗೆ ಹಾಯುವ ದಾರಿಯ) ತಿರುವಿನಿಂದ ನುಣ್ಣನೆ ಸಕ್ಕರೆಯಂಥ ಗಾಜಿನ ಕಣ ಉದುರಿತು. ಅಷ್ಟು ಸಾಕು ಬೇರಿಂಗ್ ತಿನ್ನಲು. ಅವತ್ತಿನಿಂದ ಸೋಪಿನ ಬಿಸಿನೀರಿನಲ್ಲಿ ಎರಡು ಸಲ ಉಜ್ಜಿ ತೊಳೆಯದೆ, ಪೇಪರ್ ಮೇಲೆ ತಟ್ಟದೆ ಯಾವ ಬ್ಲಾಕನ್ನೂ ನಾನು ಕೂರಿಸುವುದಿಲ್ಲ.

ನಮ್ಮ ಕಡೆಯ ಕೋಟಿಂಗ್ ಅಂಗಡಿಗಳಿಗೆ ರೂಢಿಯಿರುವುದು ಗೇಟು, ಕಿಟಕಿ ಗ್ರಿಲ್ಲು. ಆ ಕೆಲಸದಲ್ಲಿ ಅವರು ಗಟ್ಟಿಗರೇ. ಫಿನ್ಸ್ ಬೇರೆ ಜಾತಿ. ವಿದ್ಯುತ್ ಸೆಳೆತಕ್ಕೆ ಅಂಟುವ ಪೌಡರ್ ಫಿನ್ಸಿನ ತುದಿಯಲ್ಲೇ ಗುಡ್ಡೆಯಾಗುತ್ತದೆ, ಬುಡದ ಸಂದಿಗೆ ಇಳಿಯುವುದಿಲ್ಲ. ಬುಡ ಮುಚ್ಚಲೆಂದು ಮತ್ತೆ ಮತ್ತೆ ಹೊಡೆದರೆ ತುದಿಯಲ್ಲಿ 300 ಮೈಕ್ರಾನ್ ಕೂರುತ್ತದೆ, ಮೆಕ್ಯಾನಿಕ್ ಹೇಳಿದ ಸ್ವೆಟರ್ ಆಗ ಸ್ವಲ್ಪ ನಿಜವಾಗತೊಡಗುತ್ತದೆ. ಹಳೆಯ ಎರಕದ ಸಣ್ಣ ರಂಧ್ರಗಳಲ್ಲಿ ಎಣ್ಣೆ ಕೂತಿರುತ್ತದೆ. ಪೌಡರ್ ಹೊಡೆಯುವ ಮೊದಲು ಒಂದು ಸಲ ಬರಿದೇ ಕಾಯಿಸದಿದ್ದರೆ ಓವನ್ನಿನಲ್ಲಿ ಗುಳ್ಳೆ ಏಳುತ್ತದೆ.

ಈಗ ಸ್ಲೀವ್. ಪೌಡರ್ ಬೇಯುವುದು 180ರಿಂದ 200 ಡಿಗ್ರಿಯಲ್ಲಿ, ಲೋಹ ಆ ಬಿಸಿ ಮುಟ್ಟಿದ ಮೇಲೆ 10ರಿಂದ 20 ನಿಮಿಷ. ಅಲ್ಯೂಮಿನಿಯಂ ಹಿಗ್ಗುವುದು ಬೀಡು ಕಬ್ಬಿಣದ ಎರಡರಷ್ಟು. ನಿಮ್ಮ ಗಾಡಿಯ ಬೋರ್ (ಸಿಲಿಂಡರಿನ ಒಳ ಅಗಲ) 50 ಮಿ.ಮೀ. ಸ್ಲೀವಿನ ಹೊರಮೈ ಅಳತೆಗೆ ಲೆಕ್ಕ ಹಾಕಿದರೆ ಓವನ್ನಿನ ಬಿಸಿಯಲ್ಲಿ ಎರಡರ ನಡುವೆ ಸುಮಾರು 0.1 ಮಿ.ಮೀ. ವ್ಯತ್ಯಾಸ ಬರುತ್ತದೆ. ಒತ್ತಿ ಕೂರಿಸಿದ ಸ್ಲೀವಿನ ಹಿಡಿತ ಬಿಡಲು ಅಷ್ಟು ಸಾಕು. ಎಂಜಿನ್ ಓಡುವಾಗ ಸ್ಲೀವೇ ಹೆಚ್ಚು ಕಾದಿರುವುದರಿಂದ ಹಿಡಿತ ಉಳಿಯುತ್ತದೆ, ಓವನ್ನಿನಲ್ಲಿ ಎರಡೂ ಒಂದೇ ಬಿಸಿ. ಸ್ಲೀವ್ ಒಂದು ಕೂದಲು ಜಾರಿದರೂ ಪೋರ್ಟುಗಳ ಜಾಗ ತಪ್ಪುತ್ತದೆ.

ಆದ್ದರಿಂದ ಬ್ಲಾಕ್, ಹೆಡ್ಡಿಗೆ ಸಿಲಿಕೋನ್ ಆಧಾರದ ಹೈ ಟೆಂಪರೇಚರ್ ಕಪ್ಪು ಪೇಂಟ್ ತೆಳ್ಳಗೆ ಹೊಡೆಸಿ. ಸಂದಿಗೂ ಇಳಿಯುತ್ತದೆ, ಎಂಜಿನ್ ಬಿಸಿಯಲ್ಲೇ ಹಂತಹಂತವಾಗಿ ಗಟ್ಟಿಯಾಗುತ್ತದೆ. ಕ್ಲಚ್ ಕವರ್, ಮ್ಯಾಗ್ನೆಟ್ ಕವರಿಗೆ ಧಾರಾಳವಾಗಿ ಪೌಡರ್ ಹಾಕಿಸಬಹುದು. ಆಯಿಲ್ ಸೀಲ್, ಬುಷ್ ಬಿಚ್ಚಿಯೇ ಕೊಡಿ. ಗ್ಯಾಸ್ಕೆಟ್ ಮುಖ, ಬೋಲ್ಟ್ ತೂತುಗಳಿಗೆ ಟೇಪನ್ನು ನೀವೇ ಕೂತು ಹಚ್ಚಿ. ಚಾಸಿಸ್ಸಿಗೆ ಪೌಡರ್ ಆಗಿದೆ ಅಂದಿರಿ, ಅರ್ಥ್ ವೈರ್ ಕೂರುವ ಜಾಗವನ್ನು ಕೆರೆದು ಲೋಹ ಕಾಣಿಸಲು ಮರೆಯಬೇಡಿ, ಇಲ್ಲದಿದ್ದರೆ ಹಾರ್ನೂ ಲೈಟೂ ಸತಾಯಿಸುತ್ತವೆ.

ಪ್ರಶ್ನೆ: ಸ್ಪ್ಲೆಂಡರ್ ಗಾಡಿಯ ಸೈಲೆನ್ಸರ್ ಬೆಂಡ್ ಪೈಪಿಗೆ ಪೌಡರ್ ಕೋಟಿಂಗ್ ನಿಲ್ಲುತ್ತದೆಯೇ? (ಮಾಲೂರಿನ ಓದುಗರು)

ಉತ್ತರ: ಮಾಮೂಲಿ ಪೌಡರ್ ನಿಲ್ಲುವುದಿಲ್ಲ. ಹೆಡ್ಡಿಗೆ ಸೇರುವ ಕಡೆ ಪೈಪಿನ ಬಿಸಿ 300 ಡಿಗ್ರಿ ದಾಟುತ್ತದೆ. ಪೌಡರ್ ಮೊದಲು ಬಣ್ಣ ಕೆಟ್ಟು ಹೊಗೆಯಾಡುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ. ತುಕ್ಕನ್ನು ಪೂರ್ತಿ ಉಜ್ಜಿ ತೆಗೆದು, ಥಿನ್ನರಿನಲ್ಲಿ ಒರೆಸಿ, 600 ಡಿಗ್ರಿ ತಡೆಯುವ ಸಿಲಿಕೋನ್ ಪೇಂಟ್ ಎರಡು ತೆಳು ಕೋಟ್ ಕೊಡಿ. ಮೊದಲ ಸಲ ಐದು ನಿಮಿಷ ಓಡಿಸಿ ತಣ್ಣಗಾಗಲು ಬಿಡಿ, ಮುಂದಿನ ಸಲ ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ. ಅಲ್ಲಿಯವರೆಗೆ ಉಗುರು ಕೂಡ ತಾಗಿಸಬೇಡಿ.