‘ಮಸಾಅ–ಲಸಾಅ ಸುಲಭ ಸೂತ್ರಗಳು’: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ.

ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ: ಕೊಟ್ಟ ಸಂಖ್ಯೆಗಳನ್ನೆಲ್ಲ ನಿಶ್ಶೇಷವಾಗಿ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಮತ್ತು ಲಸಾಅ (ಲಘುತ್ತಮ ಸಾಮಾನ್ಯ ಅಪವರ್ತ್ಯ: ಅವೆಲ್ಲವುಗಳಿಂದಲೂ ನಿಶ್ಶೇಷವಾಗಿ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಕುರಿತ ನಿಮ್ಮ ಲೇಖನವನ್ನು ಪೂರ್ತಿ ಓದಿದೆವು. ಭಾಷೆ ತಿಳಿಯಾಗಿದೆ, ಮಕ್ಕಳಿಗೆ ಅರ್ಥವಾಗುವಂತಿದೆ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

ಮೊದಲನೆಯದಾಗಿ, ಒಂದು ಕಡೆ ಗಣಿತವೇ ತಪ್ಪಿದೆ. ‘ಎಷ್ಟೇ ಸಂಖ್ಯೆಗಳಿರಲಿ, ಅವುಗಳ ಗುಣಲಬ್ಧ ಮಸಾಅ × ಲಸಾಅಗೆ ಸಮ’ ಎಂದಿದ್ದೀರಿ. ಇದು ಸದಾ ನಿಜವಾಗುವುದು ಎರಡು ಸಂಖ್ಯೆಗಳಿಗೆ ಮಾತ್ರ. 6, 10, 15 ತೆಗೆದುಕೊಳ್ಳಿ: ಮಸಾಅ 1, ಲಸಾಅ 30, ಗುಣಲಬ್ಧ 900. ಮೂರು ಸಂಖ್ಯೆಗಳಿದ್ದಾಗ ಮೊದಲೆರಡರ ಲಸಾಅ ತೆಗೆದು, ಅದಕ್ಕೂ ಮೂರನೆಯದಕ್ಕೂ ಮತ್ತೆ ಲಸಾಅ ತೆಗೆಯಬೇಕು. ಪರೀಕ್ಷೆ ಬರೆಯುವ ಮಕ್ಕಳು ಇದನ್ನು ಓದುತ್ತಾರೆ. ಈ ಸಾಲು ಹೋಗಲೇಬೇಕು.

ನಿಮ್ಮ ಲೆಕ್ಕಗಳೆಲ್ಲ 12, 18, 24ರ ಸುತ್ತಲೇ ಇವೆ. ಅವು ಬಾಯಿಲೆಕ್ಕದಲ್ಲೇ ಮುಗಿಯುತ್ತವೆ, ಹಾಗಾಗಿ ಯೂಕ್ಲಿಡ್‌ನ ವಿಧಾನ (ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಆಮೇಲೆ ಆ ಚಿಕ್ಕದನ್ನು ಶೇಷದಿಂದ ಭಾಗಿಸಿ, ಶೇಷ ಸೊನ್ನೆಯಾಗುವವರೆಗೂ ಹೀಗೇ ಹೋಗುವುದು) ಏಕೆ ಬೇಕೆಂದು ಓದುಗರಿಗೆ ಅನ್ನಿಸುವುದೇ ಇಲ್ಲ. 1147 ಮತ್ತು 899 ಕೊಡಿ. ಅಪವರ್ತಿಸಲು ಹೊರಟರೆ 2, 3, 5, 7 ಯಾವುದರಿಂದಲೂ ಭಾಗವಾಗುವುದಿಲ್ಲ. 899ಕ್ಕೆ ಮೊದಲ ಅಪವರ್ತನ ಸಿಗುವುದೇ 29ರಲ್ಲಿ. ಯೂಕ್ಲಿಡ್‌ನ ಭಾಗಾಕಾರದಲ್ಲಿ ಹೋದರೆ ಶೇಷಗಳು 248, 155, 93, 62, 31, ಆಮೇಲೆ 0. ಸೊನ್ನೆಗೆ ಮುಂಚಿನ ಶೇಷ 31, ಅದೇ ಮಸಾಅ. ಕೊನೆಯ ಭಾಗಲಬ್ಧ 2ನ್ನು ಉತ್ತರವೆಂದು ಬರೆದುಬಿಡುವವರಿದ್ದಾರೆ, ಎಚ್ಚರಿಸಿ.

ಈ ವಿಧಾನ ಏಕೆ ಸರಿ ಎಂಬುದನ್ನು ನೀವು ಮುಟ್ಟಿಯೇ ಇಲ್ಲ. ಲೇಖನದ ಜೀವ ಇರುವುದೇ ಅಲ್ಲಿ. 1147ನ್ನೂ 899ನ್ನೂ ನಿಶ್ಶೇಷವಾಗಿ ಭಾಗಿಸುವ ಸಂಖ್ಯೆ ಅವುಗಳ ವ್ಯತ್ಯಾಸ 248ನ್ನೂ ಭಾಗಿಸಲೇಬೇಕು. 899ನ್ನೂ 248ನ್ನೂ ಭಾಗಿಸುವ ಸಂಖ್ಯೆ ಅವುಗಳ ಮೊತ್ತ 1147ನ್ನೂ ಭಾಗಿಸುತ್ತದೆ. ಜೋಡಿ ಬದಲಾಯಿತು, ಸಾಮಾನ್ಯ ಅಪವರ್ತನಗಳಲ್ಲಿ ಒಂದೂ ಬದಲಾಗಲಿಲ್ಲ. ಪ್ರತಿ ಹೆಜ್ಜೆಯಲ್ಲೂ ಆಗುವುದು ಇಷ್ಟೇ. ಎಷ್ಟು ಚೆಂದದ ಮಾತು ಇದು! ಅರ್ಧ ಪುಟ ಇದಕ್ಕೇ ಕೊಡಿ.

ಲಸಾಅಗೆ ಎರಡನ್ನೂ ಗುಣಿಸಿ ಆಮೇಲೆ ಭಾಗಿಸಿದ್ದೀರಿ. ಮೊದಲೇ ಭಾಗಿಸಿ: 1147 ÷ 31 = 37, 37 × 899 = 33263. ಅಂಕಿಗಳು ಚಿಕ್ಕದಿದ್ದಷ್ಟೂ ತಪ್ಪು ಕಡಿಮೆ.

ಸಾಲಾಗಿ ಬರೆದು ಭಾಗಿಸುವ ಕ್ರಮದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆಂದು ತೋರಿಸಿ. 8, 12, 15ನ್ನು 2, 2, 3ರಿಂದ ಭಾಗಿಸಿದರೆ ಕೆಳಗೆ ಉಳಿಯುವುದು 2, 1, 5. ಎಡಗಡೆಯದನ್ನೂ ಕೆಳಗಿನದನ್ನೂ ಗುಣಿಸಿದರೆ ಲಸಾಅ 120, ಸರಿ. ಎಡಗಡೆಯ 2 × 2 × 3 = 12ನ್ನೇ ಮಸಾಅ ಎಂದರೆ ತಪ್ಪು. ಲಸಾಅಗೆ ಎರಡು ಸಂಖ್ಯೆ ಭಾಗವಾದರೂ ಸಾಕು. ಮಸಾಅಗೆ ಮೂರೂ ಭಾಗವಾಗಬೇಕು. 15 ಬೆಸಸಂಖ್ಯೆ, 8ಕ್ಕೆ 3 ಹೋಗುವುದಿಲ್ಲ. ಇಲ್ಲಿ ಮಸಾಅ 1.

‘ಲಸಾಅ ಪಶ್ಚಿಮದಿಂದ ಬಂದದ್ದು’ ಎಂಬ ವಾಕ್ಯ ತೆಗೆಯಿರಿ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನರಾಶಿಗಳನ್ನು ಕೂಡಲು ಇದನ್ನೇ ‘ನಿರುದ್ಧ’ ಎಂದು ಹೇಳಿದ್ದಾನೆ. ಪಕ್ಕದಲ್ಲೇ 5/12 + 7/18 ಮಾಡಿ ತೋರಿಸಿ: ಛೇದ 36, ಉತ್ತರ 29/36. ಛೇದಗಳನ್ನು ಸುಮ್ಮನೆ ಗುಣಿಸಿದರೆ 174/216 ಬಂದು, ಮತ್ತೆ 6ರಿಂದ ಸಂಕ್ಷೇಪಿಸಬೇಕಾಗುತ್ತದೆ.

ಕೊನೆಯ ಹತ್ತು ಅಭ್ಯಾಸ ಲೆಕ್ಕಗಳ ಬದಲು ನಾಲ್ಕು ಸಾಕು. ಒಂದು ಹೀಗಿರಲಿ: 131 ಮತ್ತು 187ನ್ನು ಭಾಗಿಸಿದಾಗ 5 ಶೇಷ ಉಳಿಸುವ ಅತಿ ದೊಡ್ಡ ಸಂಖ್ಯೆ ಯಾವುದು? ಶೇಷ ಕಳೆದು 126, 182ರ ಮಸಾಅ ತೆಗೆದರೆ 14. ಇಷ್ಟು ತಿದ್ದಿ ಕಳಿಸಿ, ಮತ್ತೆ ಓದುತ್ತೇವೆ.