ಪ್ರಶ್ನೋತ್ತರ: ಎಂಟು ಎಂಬತ್ತಾದರೆ ಯಾರು ತೆರಬೇಕು?

ಪ್ರಶ್ನೆ: 22 ಜನರ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ (ಡಾಕ್ಟರು ಹೇಳಿ ರೆಕಾರ್ಡ್ ಮಾಡಿದ್ದನ್ನು ಕೇಳಿ ಟೈಪ್ ಮಾಡುವ) ಘಟಕ ನಡೆಸುತ್ತಿದ್ದೇನೆ. ಶೇ. 80ರಷ್ಟು ಕೆಲಸ ಅಮೆರಿಕದ ಒಂದೇ ಕಂಪನಿಯದು. ಹೊಸ ಕರಾರು ಕಳಿಸಿದ್ದಾರೆ. ಇನ್ನು ಮುಂದೆ ಕರಡನ್ನು ಸಾಫ್ಟ್‌ವೇರೇ ಬರೆಯುತ್ತದಂತೆ, ನಾವು ತಿದ್ದಿದರೆ ಸಾಕಂತೆ, ಸಾಲಿಗೆ ಅರ್ಧ ದರ. ತಪ್ಪಿನಿಂದಾಗುವ ನಷ್ಟವೆಲ್ಲ ನಮ್ಮ ತಲೆಗೆ. ಸಹಿ ಹಾಕಬಹುದೇ?
– ಓದುಗರು, ಮೈಸೂರು

ಉತ್ತರ: ಇದ್ದಂತೆಯೇ ಹಾಕಬೇಡಿ. ನಿಮ್ಮ ಕಣ್ಣು ದರದ ಮೇಲಿದೆ, ಆದರೆ ಘಟಕವನ್ನೇ ಮುಳುಗಿಸಬಲ್ಲದ್ದು ನಷ್ಟದ ಷರತ್ತು.

ಅಮೆರಿಕದ ಅಲಬಾಮಾದ ಒಂದು ಪ್ರಕರಣ ಗಮನಿಸಿ. ಡಾಕ್ಟರು ಹೇಳಿದ್ದು 8 ಯೂನಿಟ್ ಇನ್ಸುಲಿನ್. ಭಾರತದಲ್ಲಿ ಟೈಪ್ ಆದ ಡಿಸ್ಚಾರ್ಜ್ ಸಮರಿಯಲ್ಲಿ ಅದು 80 ಆಗಿತ್ತು. ರೋಗಿ ತೀರಿಕೊಂಡರು. 2012ರಲ್ಲಿ ಜ್ಯೂರಿ ಹೇಳಿದ ಪರಿಹಾರ 14 ಕೋಟಿ ಡಾಲರ್. ಇಂಥ ಹೊರೆಗೆ ಮಿತಿಯಿಲ್ಲದೆ ಒಪ್ಪಿಕೊಂಡರೆ ನಿಮ್ಮ ಮನೆ ಮಾರಿದರೂ ಸಾಲದು. ಹಿಂದಿನ 12 ತಿಂಗಳಲ್ಲಿ ಅವರು ನಿಮಗೆ ಕೊಟ್ಟ ಹಣ ಎಷ್ಟೋ ಅಷ್ಟಕ್ಕೆ ಹೊಣೆಯನ್ನು ಮಿತಿಗೊಳಿಸಲು ಕೇಳಿ. ವೃತ್ತಿಲೋಪದ ವಿಮೆ, ಸೈಬರ್ ವಿಮೆ ಎರಡನ್ನೂ ಮಾಡಿಸಿ. ಅಮೆರಿಕದ ಕೋರ್ಟಿನ ದಾವೆಗೂ ಪಾಲಿಸಿ ಅನ್ವಯಿಸುತ್ತದೆಯೇ ಎಂದು ಓದಿ ನೋಡಿ. ಎಷ್ಟೋ ಪಾಲಿಸಿಗಳು ಅದನ್ನೇ ಹೊರಗಿಟ್ಟಿರುತ್ತವೆ.

ಇನ್ನೊಂದು ಸೂಕ್ಷ್ಮವಿದೆ. ಬ್ಲಾಂಕ್ (ಕೇಳಿಸದ ಮಾತಿಗೆ ಬಿಟ್ಟ ಖಾಲಿ ಜಾಗ) ಹೆಚ್ಚಾದರೆ ದಂಡ ಎಂಬ ಷರತ್ತು ಕರಾರುಗಳಲ್ಲಿ ಸಾಮಾನ್ಯ. ದಂಡ ತಪ್ಪಿಸಲು ಹುಡುಗರು ಅಂದಾಜಿನ ಮೇಲೆ ತುಂಬುತ್ತಾರೆ. ಎಂಟೋ ಎಂಬತ್ತೋ, ಹದಿನೈದೋ ಐವತ್ತೋ ಎಂಬ ಅನುಮಾನ ಬಂದಾಗ ಅಂದಾಜು ಮಾಡಲೇಬಾರದು. ಔಷಧದ ಪ್ರಮಾಣದಲ್ಲಿ ಬಿಟ್ಟ ಬ್ಲಾಂಕು ತಪ್ಪಿನ ಲೆಕ್ಕಕ್ಕೆ ಬರಕೂಡದೆಂದು ಬರೆಸಿಕೊಳ್ಳಿ. ಆಡಿಯೊದಲ್ಲಿ ಅದು ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು ಎಂದು ನಮೂದಿಸಿಯೇ ಕಳಿಸಿ. ಸಾಫ್ಟ್‌ವೇರ್ ಕರಡಿನಲ್ಲಿ ಈ ಅಪಾಯ ಹೆಚ್ಚು: ತಪ್ಪು ಸಂಖ್ಯೆಯೂ ಅಚ್ಚುಕಟ್ಟಾಗಿ ಕೂತಿರುತ್ತದೆ, ಕಣ್ಣು ಜಾರಿಬಿಡುತ್ತದೆ.

ಈಗ ದರ. ಗಂಟೆಗೆ 150 ಸಾಲು ಟೈಪ್ ಮಾಡುವವರು ಅರ್ಧ ದರದಲ್ಲಿ ಅಷ್ಟೇ ಗಳಿಸಬೇಕಾದರೆ 300 ಸಾಲು ತಿದ್ದಬೇಕು. ಬಿಡಿಸಿ ಮಾತಾಡುವ ಡಾಕ್ಟರಾದರೆ ಆದೀತು. ಗದ್ದಲದಲ್ಲಿ ಗಡಿಬಿಡಿಯಿಂದ ಹೇಳಿದ್ದಾದರೆ 200 ದಾಟುವುದೂ ಕಷ್ಟ, ಅಲ್ಲಿಗೆ ಗಳಿಕೆಯ ಮೂರನೇ ಒಂದು ಪಾಲು ಹೋಯಿತು. ಒಂದು ವಾರ ಒಬ್ಬೊಬ್ಬ ಡಾಕ್ಟರ ಕಡತಕ್ಕೂ ವೇಗ ಅಳೆದು, ಯಾವ ಡಾಕ್ಟರ ಕಡತ ನಿಧಾನವಾಗುತ್ತದೋ ಅವರ ಪಟ್ಟಿ ಕೊಟ್ಟು, ಆ ಕಡತಗಳಿಗೆ ಟೈಪಿಂಗ್ ದರವನ್ನೇ ಕೇಳಿ. ಸಾಲೆಂದರೆ 65 ಅಕ್ಷರ ಸರಿ, ಆದರೆ ಸ್ಪೇಸ್ ಸೇರಿಯೋ ಬಿಟ್ಟೋ? ಬಿಟ್ಟರೆ 100 ಸಾಲಿನ ಬಿಲ್ಲು ಸುಮಾರು 85ಕ್ಕೆ ಇಳಿಯುತ್ತದೆ.

ಹಣ ಬರುವುದು ಬಿಲ್ಲಿನ 60 ದಿನಕ್ಕಾದರೆ, ಜನವರಿ ಕೆಲಸದ ದುಡ್ಡು ಕೈಸೇರುವಷ್ಟರಲ್ಲಿ ಮಾರ್ಚ್ ಮುಗಿದಿರುತ್ತದೆ. ಮೂರು ತಿಂಗಳ ಸಂಬಳ ನಿಮ್ಮ ಜೇಬಿನಿಂದ. ಆ ಕಂಪನಿ ಬಿದ್ದರೆ? ಇದೇ ಟ್ರಾನ್ಸ್‌ಕ್ರಿಪ್ಷನ್ ಉದ್ಯಮದ ಕಂಪನಿಗಳಾದ, ಬೆಂಗಳೂರಿನಲ್ಲೂ ಘಟಕವಿದ್ದ ಸ್ಫೆರಿಸ್ 2010ರಲ್ಲಿ, ಎಂಮೋಡಲ್ 2014ರಲ್ಲಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿದವು. ಅಲ್ಲಿ ಅಡಮಾನವಿಲ್ಲದೆ ಬಾಕಿ ಬರಬೇಕಾದ ನಿಮ್ಮಂಥವರ ಸರದಿ ಬರುವುದು ಹಿಂದೆ. ಹದಿನೈದು ದಿನಕ್ಕೊಮ್ಮೆ ಬಿಲ್ಲು, 30 ದಿನದ ಗಡುವು ಎಂದು ಪಟ್ಟು ಹಿಡಿಯಿರಿ. ಉಳಿದ ಶೇ. 20ನ್ನು ಬೆಳೆಸುವುದು ಇಂದೇ ಶುರುವಾಗಲಿ, ಬೇರೆ ಪ್ಲಾಟ್‌ಫಾರ್ಮ್ (ಕಡತ ಬಂದುಹೋಗುವ ಸಾಫ್ಟ್‌ವೇರ್ ವ್ಯವಸ್ಥೆ) ಬಳಸುವ ಗ್ರಾಹಕರಾದರೆ ಇನ್ನೂ ಒಳ್ಳೆಯದು. 2017ರ ಜೂನ್ 27ರಂದು ನ್ಯೂಯಾನ್ಸ್ ಕಂಪನಿಗೆ ನಾಟ್‌ಪೆಟ್ಯಾ ವೈರಸ್ ಹೊಕ್ಕಾಗ ಅದರ ಟ್ರಾನ್ಸ್‌ಕ್ರಿಪ್ಷನ್ ವ್ಯವಸ್ಥೆ ವಾರಗಟ್ಟಲೆ ನಿಂತಿತ್ತು.

ಪ್ರಶ್ನೆ: ಕೆಲಸ ಹೆಚ್ಚಾದಾಗ ಮನೆಯಿಂದ ಟೈಪ್ ಮಾಡುವವರಿಗೆ ಹಂಚುತ್ತೇವೆ. ತೊಂದರೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಗ್ರಾಹಕರಿಗೆ ತಿಳಿಸದೆ ಹಂಚಿದರೆ ದೊಡ್ಡ ತೊಂದರೆ. 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಆಸ್ಪತ್ರೆಯ ಕೆಲಸ ಕೈಯಿಂದ ಕೈಗೆ ದಾಟಿ ಕರಾಚಿ ತಲುಪಿತ್ತು. ಟೈಪ್ ಮಾಡಿದವರಿಗೆ ದುಡ್ಡು ಬರಲಿಲ್ಲ. ರೋಗಿಗಳ ದಾಖಲೆಯನ್ನು ಇಂಟರ್‌ನೆಟ್ಟಿಗೆ ಹಾಕುತ್ತೇನೆಂದು ಅವರು ಆಸ್ಪತ್ರೆಗೇ ಬೆದರಿಕೆ ಮೇಲ್ ಕಳಿಸಿದರು. ರೋಗಿಗಳ ಮಾಹಿತಿಯ ಗೋಪ್ಯತೆ ಕಾಯುವ ಅಮೆರಿಕದ ಹಿಪಾ ಕಾನೂನಿನ 2013ರ ನಿಯಮದಂತೆ ಉಪಗುತ್ತಿಗೆದಾರರೂ ನೇರ ಹೊಣೆ. ಹಂಚಲೇಬೇಕಾದರೆ ಲಿಖಿತ ಒಪ್ಪಿಗೆ ಪಡೆಯಿರಿ, ಮನೆಯಿಂದ ಟೈಪ್ ಮಾಡುವವರೊಂದಿಗೂ ಅದೇ ಷರತ್ತಿನ ಕರಾರು ಮಾಡಿಕೊಳ್ಳಿ. ಕಡತ ಅವರ ಕಂಪ್ಯೂಟರಿಗೆ ಇಳಿಯಕೂಡದು. ನಿಮ್ಮ ಕಚೇರಿಯ ಕಂಪ್ಯೂಟರಿಗೆ ದೂರದಿಂದ ಲಾಗಿನ್ ಆಗಿ (ರಿಮೋಟ್ ಡೆಸ್ಕ್‌ಟಾಪ್) ಅದರಲ್ಲೇ ಕೆಲಸ ನಡೆಯಲಿ, ಕಾಪಿ, ಪ್ರಿಂಟ್, ಯುಎಸ್‌ಬಿ ಬಂದ್. ಕೆಲಸ ಬಿಟ್ಟವರ ಲಾಗಿನ್ ಅವತ್ತೇ ರದ್ದಾಗಬೇಕು.

ಇಷ್ಟೆಲ್ಲ ಮಾಡಿದರೂ ಸೋರುವುದು ಫೋನಿನಿಂದ. ಒಂದು ಔಷಧದ ಹೆಸರು ತಿಳಿಯದೆ ಪರದೆಯ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ 'ಇದೇನ್ರಿ?' ಎಂದು ಕೇಳುತ್ತಾರೆ. ಅದೇ ಪರದೆಯ ನೆತ್ತಿಯ ಮೇಲೆ ರೋಗಿಯ ಹೆಸರು, ಹುಟ್ಟಿದ ದಿನಾಂಕ, ದಾಖಲೆ ಸಂಖ್ಯೆ ಇರುತ್ತದೆ. ಅನುಮಾನವನ್ನು ಪ್ಲಾಟ್‌ಫಾರ್ಮಿನೊಳಗೇ ಕ್ಯೂಎಗೆ (ಗುಣಮಟ್ಟ ಪರಿಶೀಲಿಸುವವರಿಗೆ) ಕಳಿಸುವ ವ್ಯವಸ್ಥೆ ಮಾಡಿ, ಉತ್ತರ ಹತ್ತು ನಿಮಿಷದಲ್ಲಿ ಬರುವಂತೆ ನೋಡಿಕೊಳ್ಳಿ. ಉತ್ತರ ತಡವಾದರೆ ವಾಟ್ಸ್‌ಆ್ಯಪ್ಪೇ ಗೆಲ್ಲುತ್ತದೆ.

ಪ್ರಶ್ನೆ: ಮಗಳು ಎಂ.ಟಿ. (ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್) ತರಬೇತಿಗೆ ಸೇರಬೇಕೆನ್ನುತ್ತಾಳೆ. ಸೇರಿಸಲೇ?
– ಓದುಗರು, ಶಿವಮೊಗ್ಗ

ಉತ್ತರ: ಬರೀ ಟೈಪಿಂಗ್ ಕಲಿಸುವ ಕಡೆ ಬೇಡ. ಡಾಕ್ಟರು–ರೋಗಿಯ ಮಾತನ್ನು ಕೇಳಿಸಿಕೊಂಡು ತಾನೇ ಟಿಪ್ಪಣಿ ಬರೆಯುವ ಸಾಫ್ಟ್‌ವೇರು ಅಮೆರಿಕದ ಆಸ್ಪತ್ರೆಗಳಿಗೆ ಬಂದಾಗಿದೆ. ಶರೀರಶಾಸ್ತ್ರ, ಔಷಧಗಳ ಹೆಸರು, ಕರಡು ತಿದ್ದುವುದು, ಜೊತೆಗೆ ಮೆಡಿಕಲ್ ಕೋಡಿಂಗ್ (ರೋಗ, ಚಿಕಿತ್ಸೆಗಳಿಗೆ ನಿಗದಿತ ಸಂಕೇತ ಕೊಡುವ ಕೆಲಸ) ಕಲಿಸುವ ಕಡೆಯಾದರೆ ಸೇರಿಸಿ. ಶುಲ್ಕ ಕಟ್ಟುವ ಮುನ್ನ ಅಭ್ಯಾಸಕ್ಕೆ ಯಾವ ಆಡಿಯೊ ಕೊಡುತ್ತಾರೆಂದು ಕೇಳಿ. ನಿಜವಾದ ರೋಗಿಯ ಕಡತ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ.